ಊಟದ ಚೀಲದ ನಾಲ್ಕು ಮೂಲೆ

ಮಗಳ ಊಟದ ಚೀಲ ನಾರುತ್ತಿದೆ ಎಂದು ನನಗೆ ಮೊದಲು ಹೇಳಿದ್ದು ಶಾಲೆಯ ವ್ಯಾನಿನ ಡ್ರೈವರ್. ಕೊಡಿಗೇಹಳ್ಳಿಯ ನಮ್ಮ ಗಲ್ಲಿಯೊಳಗೆ ವ್ಯಾನು ತಿರುಗುವುದಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಮೂರೂವರೆಗೆ ಮುಖ್ಯರಸ್ತೆಯ ಬೇಕರಿ ಮುಂದೆ ನಿಂತು ಅವಳನ್ನು ಕರೆದುಕೊಂಡು ಬರುವುದು ನನ್ನ ಕೆಲಸ. ಅವತ್ತು ಅವಳು ಇಳಿದ ಮೇಲೆ ಆತ ವ್ಯಾನಿನ ಹಿಂಬಾಗಿಲು ತೆಗೆದ. ಸ್ಟೆಪ್ನಿ ಚಕ್ರದ ಪಕ್ಕ ಒಂಟಿಯಾಗಿ ಬಿದ್ದಿದ್ದ ನೀಲಿ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕೈಗೆ ಕೊಟ್ಟ.

"ಸರ್, ತಪ್ಪು ತಿಳ್ಕೋಬೇಡಿ. ಇದ್ರಿಂದ ಏನೋ ಸ್ಮೆಲ್ ಬರ್ತೈತೆ. ಮಿಕ್ಕಿದ್ ಮಕ್ಳು ಒಳಗ್ ಇಟ್ಕೊಳ್ಳಕ್ಕೇ ಬಿಡಲ್ಲ ಅಂತಾವೆ. ಪಾಪು ತಾನೇ ಬಂದು, ಅಂಕಲ್ ಹಿಂದೆ ಇಟ್ಬಿಡಿ ಅಂತ ಕೊಟ್ಬಿಡ್ತು."

ನಾನು ಚೀಲವನ್ನು ಮೂಗಿನ ಹತ್ತಿರ ಹಿಡಿದೆ. ಹುಳಿ ಹಿಟ್ಟಿಗೂ ಒದ್ದೆ ಗೋಣಿಚೀಲಕ್ಕೂ ನಡುವಿನ ಒಂದು ವಾಸನೆ. ಮಗಳು ಬೇಕರಿಯ ಗಾಜಿನೊಳಗಿನ ಕೇಕುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿರುವವಳ ಹಾಗೆ ಅತ್ತ ತಿರುಗಿ ನಿಂತಿದ್ದಳು. ಮನೆಯ ದಾರಿಯಲ್ಲಿ ಕೇಳಿದೆ, "ಮಧ್ಯಾಹ್ನ ಎಲ್ಲಿ ಕೂತು ಊಟ ಮಾಡ್ತೀಯ ಪುಟ್ಟಿ?"

"ಕೊನೇ ಬೆಂಚಲ್ಲಿ."

"ಯಾರ ಜೊತೆ?"

"ಬ್ಯಾಗ್ ಜೊತೆ," ಎಂದಳು. ಹೇಳಿದ ಧಾಟಿ ಹೇಗಿತ್ತೆಂದರೆ ಅದೂ ಒಬ್ಬ ಗೆಳತಿಯ ಹೆಸರೇನೋ ಎನ್ನಬೇಕು. ಎರಡನೇ ತರಗತಿಯ ಮಗುವಿಗೆ ಶಾಲೆ ಎಂದರೆ ಆ ಅರ್ಧ ಗಂಟೆಯ ಊಟದ ಹೊತ್ತೇ ತಾನೇ? ಮಿಕ್ಕಿದ್ದೆಲ್ಲ ನಾವು ದೊಡ್ಡವರು ಅದಕ್ಕೆ ಸುತ್ತಿಟ್ಟ ಕಾಗದ.

ನಾನು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಯಂತ್ರದಿಂದ ಬಂದ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿದು ಪಕ್ಕಕ್ಕಿಡುವುದು, ಬಿರುಕು ಎಲ್ಲಿಂದ ಶುರುವಾಯಿತು ಎಂದು ಹುಡುಕುವುದು ನನ್ನ ಹೊಟ್ಟೆಪಾಡು. ಈ ಚಾಳಿ ಮನೆಗೂ ಬಂದಿದೆ. ನಲ್ಲಿ ಸೋರಿದರೆ, ಹಾಲು ಒಡೆದರೆ, ನನಗೆ ಕಾರಣ ಬೇಕು, ಅದೂ ತಕ್ಷಣ ಬೇಕು. ಸಿಗದಿದ್ದರೆ ದನಿ ಏರುತ್ತದೆ. ಹೆಂಡತಿ ನೆಲಮಂಗಲದ ಕಡೆಯವಳು, ನಿಧಾನಸ್ಥೆ. "ನಿಮ್ಗೆ ಮನೇಲೂ ಶಿಫ್ಟ್ ಮುಗಿಯಲ್ಲ ಕಣ್ರೀ," ಎನ್ನುತ್ತಾಳೆ. ಅವಳದು ಯಶವಂತಪುರದಲ್ಲಿ ಆಫೀಸು. ಬೆಳಿಗ್ಗೆ ಅಡುಗೆ ಮಾಡಿ ಡಬ್ಬಿ ತುಂಬಿ ಹೊರಟರೆ ಬರುವುದು ಕತ್ತಲಾದ ಮೇಲೆ. ನನ್ನದು ಮೊದಲ ಶಿಫ್ಟು, ಮೂರಕ್ಕೆಲ್ಲ ಮನೆ. ಆದ್ದರಿಂದ ತುಂಬುವವಳು ಅವಳು, ತೊಳೆಯುವವನು ನಾನು. ನಮ್ಮ ಸಂಸಾರದಲ್ಲಿ ಜಗಳವಿಲ್ಲದೆ ಇತ್ಯರ್ಥವಾದ ವಿಷಯ ಇದೊಂದೇ.

ಆ ಚೀಲ ಈಗಿನ ಎಲ್ಲ ಮಕ್ಕಳ ಹೆಗಲಲ್ಲೂ ಇರುವಂಥದೇ. ಹೊರಗೆ ನೀಲಿ ಬಟ್ಟೆ, ಅದರ ಮೇಲೆ ಕೊಡೆ ಹಿಡಿದ ಆನೆ. ಒಳಗೆ ಬಿಸಿ ಆರದಿರಲೆಂದು ಬೆಳ್ಳಿ ಬಣ್ಣದ ಹಾಳೆ, ಎರಡರ ನಡುವೆ ತೆಳ್ಳಗಿನ ಸ್ಪಂಜು. ಸ್ಟೀಲಿನ ಡಬ್ಬಿಯ ಅಂಚು ತಾಗಿ ತಾಗಿ ಒಳಗಿನ ಬೆಳ್ಳಿ ಹಾಳೆ ಬುಡದಲ್ಲಿ ಸುತ್ತಲೂ ಬಿಟ್ಟುಕೊಂಡಿತ್ತು. ಅದನ್ನು ಹೊಲಿದುಕೊಟ್ಟವಳು ಅವ್ವ. ಅವ್ವ ಗದಗಿನ ಕಡೆಯ ಹಳ್ಳಿಯವಳು, ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಊರಲ್ಲಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಇರುವೆ ಸಾಲಿನಂಥ ಹೊಲಿಗೆ ಹಾಕಿ ಹೊದಿಕೆ ಮಾಡುವ ಕೆಲಸ. ಕಣ್ಣಿಗೆ ಪೊರೆ ಬಂದು ಮಂಜಾಗಿದ್ದರೂ ಆ ಚೀಲದ ಬುಡವನ್ನು ಬೆರಳಿನ ಅಂದಾಜಿನಲ್ಲೇ ಅಷ್ಟು ಸಣ್ಣಗೆ ಹೊಲಿದಿದ್ದಳು. ಅದಾದ ಮರುದಿನವೇ ಕಣ್ಣಿನ ಆಪರೇಷನ್ನಿಗೆಂದು ಅಕ್ಕನ ಮನೆಗೆ ಹೋದಳು. ಅಕ್ಕ ಯಲಹಂಕದಲ್ಲಿದ್ದಾಳೆ, ಇಡೀ ದಿನ ಮನೆಯಲ್ಲಿರುತ್ತಾಳೆ. ಗಳಿಗೆಗೊಮ್ಮೆ ಕಣ್ಣಿಗೆ ಹನಿ ಹಾಕುವವರು ಬೇಕಲ್ಲ, ನಾವಿಬ್ಬರೂ ಹೊರಗೆ ದುಡಿಯುವವರು.

ಅವ್ವ ಅಕ್ಕನ ಮನೆಗೆ ಹೋದ ವಾರವೇ ಡಬ್ಬಿಯ ಮುಚ್ಚಳ ಸಡಿಲಾಗಿ ಹುಳಿಸಾರು ಚೀಲದೊಳಗೆ ಚೆಲ್ಲಿತ್ತು. ನಾನು ಬಕೆಟ್ಟಿನಲ್ಲಿ ಸೋಪಿನ ಪುಡಿ ಕದಡಿ, ಚೀಲವನ್ನು ಇಡಿಯಾಗಿ ಮುಳುಗಿಸಿ, ತಿಕ್ಕಿ ಒಣಗಿಸಿದ್ದೆ. ಹೀಗಾಗಿ ವಾಸನೆಯ ಮೂಲ ನನ್ನ ಪ್ರಕಾರ ಸ್ಪಷ್ಟವಾಗಿತ್ತು: ಹುಳಿಸಾರು ಸ್ಪಂಜಿನೊಳಗೆ ಇಳಿದಿದೆ, ತೊಳೆದದ್ದು ಸಾಲದು.

ಆದ್ದರಿಂದ ಮತ್ತೆ ತೊಳೆದೆ. ಸೋಡಾಪುಡಿಯನ್ನು ನೀರಲ್ಲಿ ಕಲಸಿ ಒಳಗೆಲ್ಲ ಬಳಿದು, ಹಳೇ ಟೂತ್‌ಬ್ರಷ್‌ನಿಂದ ಮೂಲೆ ಮೂಲೆ ಉಜ್ಜಿದೆ. ನಿಂಬೆಹಣ್ಣಿನ ಸಿಪ್ಪೆ ತಿಕ್ಕಿದೆ. ಮಹಡಿಯ ಮೇಲೆ ಬಟ್ಟೆ ಹಗ್ಗಕ್ಕೆ ತಲೆಕೆಳಗಾಗಿ ನೇತುಹಾಕಿದೆ. ಸಂಜೆ ಮೂಸಿದರೆ ಬರೀ ನಿಂಬೆಹಣ್ಣು. ಗೆದ್ದೆ ಅಂದುಕೊಂಡೆ. ಮರುದಿನ ಮಧ್ಯಾಹ್ನ ವ್ಯಾನಿನ ಹಿಂಬಾಗಿಲಿನಿಂದಲೇ ಮತ್ತೆ ಚೀಲ ಇಳಿಯಿತು. ಈಗ ವಾಸನೆ ಮೊದಲಿಗಿಂತ ಜೋರು, ಮೇಲೆ ನಿಂಬೆಹಣ್ಣಿನ ಘಮ ಬೇರೆ. ಕೆಂಪಿರುವೆಗಳೂ ಬಂದಿದ್ದವು. ತೊಳೆದಷ್ಟೂ ಕೊಳೆಯಾಗುವ ವಸ್ತುವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನೂ ನನ್ನಂತೆಯೇ ಯಾವುದೋ ಡಬ್ಬಿ ಚೀಲ ತೊಳೆದು ಸೋತವನಿರಬೇಕು.

ಆಮೇಲೆ ನಾನು ಕಂಡಕಂಡದ್ದರ ಮೇಲೆಲ್ಲ ಅನುಮಾನಪಟ್ಟೆ. ಟ್ಯಾಂಕಿನ ನೀರು ಇರಬಹುದೇ? ಮಹಡಿಯ ಮೇಲೆ ಓಡಾಡುವ ಬೆಕ್ಕು ಏನಾದರೂ ಮಾಡಿತೇ? ಡಬ್ಬಿಯ ಮುಚ್ಚಳದ ರಬ್ಬರನ್ನು ಕಿತ್ತು ಮೂಸಿದೆ. ನೀರಿನ ಬಾಟಲಿಯನ್ನು ಮೂಸಿದೆ. ಒಂದು ಸಂಜೆ ಮಗಳ ಶೂಗಳನ್ನು ಮೂಸುತ್ತಾ ಕೂತಿದ್ದಾಗ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

"ಹೊಸದೊಂದು ತಂದ್ಬಿಡಿ ಮಾರಾಯ್ರೇ. ಸಹಕಾರನಗರದಲ್ಲಿ ಬೀದಿಗೊಂದು ಅಂಗಡಿ ಇದೆ."

"ತರ್ತೀನಿ. ಆದ್ರೆ ಕಾರಣ ಗೊತ್ತಾಗದೆ ಹೊಸದು ತಂದ್ರೆ ಅದೂ ಹಿಂಗೇ ಆಗಲ್ವಾ?"

ವಿಚಿತ್ರವೆಂದರೆ, ಹೊಸ ಚೀಲ ಎಂದರೆ ಕುಣಿದಾಡಬೇಕಾದ ಮಗಳು ಅಡುಗೆಮನೆಯಿಂದಲೇ ಕೂಗಿದಳು, "ಹೊಸದು ಬೇಡ! ಇದೇ ಇರ್ಲಿ! ಅಜ್ಜಿ ಹೊಲಿದಿರೋದು." ಕೊನೇ ಬೆಂಚಿನಲ್ಲಿ ಒಬ್ಬಳೇ ಕೂರುವಂತೆ ಮಾಡಿದ ಚೀಲದ ಮೇಲೆ ಇವಳಿಗೆ ಇಷ್ಟೊಂದು ಪ್ರೀತಿ ಯಾಕೆ? ನನಗೆ ತಲೆಬುಡ ತಿಳಿಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ಕತ್ತರಿ, ಸೂಜಿ, ದಪ್ಪ ನೂಲು, ಮೇಣದ ಬತ್ತಿಯ ತುಂಡು ಎಲ್ಲ ಇಟ್ಟುಕೊಂಡು ಮಹಡಿಯ ಮೇಲೆ ಕೂತೆ. ಒಳಗಿನ ಬೆಳ್ಳಿ ಹಾಳೆಯನ್ನೇ ಬಿಚ್ಚಿ, ಸ್ಪಂಜನ್ನು ಹೊರತೆಗೆದು ತೊಳೆದು, ಹೇಗಿದ್ದರೂ ಜಿಪ್ಪು ಬಿಗಿಯಾಗಿದೆ, ಅದಕ್ಕೂ ಮೇಣ ತಿಕ್ಕಿ, ಮತ್ತೆ ಹೊಲಿದುಬಿಡುವುದು ಎಂದು ಲೆಕ್ಕ. ಕತ್ತರಿಯ ಮೊನೆಯನ್ನು ಅವ್ವನ ಹೊಲಿಗೆಗೆ ಇಟ್ಟಿದ್ದೆ, ಅಷ್ಟೇ. ಮಗಳು ಎಲ್ಲಿದ್ದಳೋ ಓಡಿಬಂದಳು.

"ಅಪ್ಪ, ಬಿಚ್ಬೇಡಿ ಅಪ್ಪ. ಹೊಸದೇ ತಗೊಳ್ಳೋಣ."

"ಮೊನ್ನೆ ಹೊಸದು ಬೇಡ ಅಂದಿದ್ದೆ?"

"ಈಗ ಬೇಕು. ಇದನ್ನ ಹಂಗೇ ಬೀರುವಲ್ಲಿ ಇಟ್ಬಿಡೋಣ."

ನಾರುವ ಚೀಲವನ್ನು ಬೀರುವಿನಲ್ಲಿಡುವ ಆಲೋಚನೆ ಯಾರಿಗೆ ಬರುತ್ತದೆ? ನಾನು ನಕ್ಕು, ನೂಲು ಕತ್ತರಿಸುತ್ತಾ ಹೋದೆ. ಬೆಳ್ಳಿ ಹಾಳೆ ಮೇಲೆದ್ದಿತು. ಒಂದು ಮೂಲೆಯಲ್ಲಿ ಸ್ಪಂಜಿಗೆ ಅಂಟಿಕೊಂಡು ಹೆಬ್ಬೆರಳ ತುದಿಯಷ್ಟು ಏನೋ ಇತ್ತು. ಬೂಷ್ಟು ಹಿಡಿದು ಹಸಿರು ಬಿಳುಪಾಗಿತ್ತು. ಕಡ್ಡಿಯಿಂದ ಬಿಡಿಸಿ ನೋಡಿದೆ. ಜೋಳದ ರೊಟ್ಟಿಯ ತುಂಡು. ಅದರ ಜೊತೆ ಕರಗಿ ಪಾಕವಾದ ಬೆಲ್ಲ. ಎರಡನೇ ಮೂಲೆ ಬಿಡಿಸಿದೆ, ಅಲ್ಲೂ ಇತ್ತು. ಮೂರನೇದರಲ್ಲಿ, ನಾಲ್ಕನೇದರಲ್ಲಿ. ಇರುವೆಗಳಿಗೆ ಅಲ್ಲಿ ಮದುವೆ ಮನೆ.

ತಲೆ ಎತ್ತಿ ಮಗಳನ್ನು ನೋಡಿದೆ. ಅವಳು ನೀರಿನ ಟ್ಯಾಂಕಿಗೆ ಬೆನ್ನು ಒತ್ತಿ ನಿಂತಿದ್ದಳು.

"ನೀನು ಇಟ್ಟಿದ್ದಾ?"

ಅವಳು ಇರುವೆಗಳನ್ನೇ ನೋಡಿದಳು.

"ರೊಟ್ಟಿ ತಿನ್ನಕ್ಕೆ ಇಷ್ಟ ಇಲ್ದೆ ಇಲ್ಲಿ ತುರುಕ್ತಿದ್ದೀಯಾ? ಹೇಳು. ಬೈಯಲ್ಲ."

ಬೈಯುವುದಿಲ್ಲ ಎಂದು ಬೈಯುವ ದನಿಯಲ್ಲೇ ಹೇಳಿದೆನೋ ಏನೋ. ಅವಳು ತಲೆ ಅಲ್ಲಾಡಿಸಿದಳು, ಅದು ಹೌದೋ ಅಲ್ಲವೋ ತಿಳಿಯುವ ಹಾಗಿರಲಿಲ್ಲ. ಆಮೇಲೆ ಮೆಟ್ಟಿಲಿಳಿದು ಓಡಿದಳು.

ನಾನು ಅಲ್ಲೇ ಕೂತು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಾನು ಬಿಚ್ಚುವ ಮೊದಲೇ ಹೊಲಿಗೆಯಲ್ಲಿ ಒಂದು ಕಡೆ ನೂಲು ಸಡಿಲಾಗಿ ಬೆರಳು ತೂರುವಷ್ಟು ಜಾಗವಿತ್ತು, ನಿಜ. ಮಗು ಅಲ್ಲಿಂದ ತುರುಕಿದೆ ಎನ್ನೋಣ. ಆದರೆ ಆ ಪುಟ್ಟ ಬೆರಳು ಒಂದು ಮೂಲೆಗೆ ಮುಟ್ಟಬಹುದು, ನಾಲ್ಕಕ್ಕೂ ಹೇಗೆ ಮುಟ್ಟಿತು? ಅದೂ ಮೂಲೆಗೊಂದೇ ತುಂಡು, ಎಲ್ಲ ಒಂದೇ ಅಳತೆ. ಬೆಲ್ಲ ಎಲ್ಲಿಂದ ಬಂತು? ನನ್ನ ಹೆಂಡತಿ ಡಬ್ಬಿಗೆ ಯಾವತ್ತೂ ಬೆಲ್ಲ ಹಾಕುವುದಿಲ್ಲ. ಡಬ್ಬಿಗೆ ರೊಟ್ಟಿಯನ್ನೂ ಹಾಕುವುದಿಲ್ಲ, ಅವಳಿಗೆ ತಟ್ಟಲು ಬಾರದು. ಮನೆಯಲ್ಲಿದ್ದ ರೊಟ್ಟಿ ಎಂದರೆ ಊರಿನಿಂದ ಬರುವ ಒಣಗಿದ ಕಟಕ್ ರೊಟ್ಟಿ, ಡಬ್ಬದಲ್ಲಿಟ್ಟು ಅವ್ವ ತಿನ್ನುವಂಥದು. ಅವ್ವ ಇಟ್ಟಿರಬಹುದೇ ಎಂಬ ಯೋಚನೆ ಒಮ್ಮೆ ಬಂತು, ಆದರೆ ಅದು ನಿಲ್ಲಲಿಲ್ಲ. ಎಂಜಲು ಮುಸುರೆ ಎಂದು ದಿನಕ್ಕೆ ಹತ್ತು ಸಲ ಕೈ ತೊಳೆಯುವ ಅವ್ವ, ತಿನ್ನುವ ಪದಾರ್ಥವನ್ನು ಬಟ್ಟೆಯೊಳಗೆ ಹೊಲಿಯುತ್ತಾಳೆಯೇ? ಕಣ್ಣು ಆಪರೇಷನ್ ಆದವಳಿಗೆ ಫೋನು ಮಾಡಿ ಇಂಥ ಪ್ರಶ್ನೆ ಕೇಳಿದರೆ ಅಕ್ಕ ನನ್ನನ್ನು ಸುಮ್ಮನೆ ಬಿಡುತ್ತಾಳೆಯೇ? ಎಲ್ಲಿಂದ ಹಿಡಿದರೂ ಲೆಕ್ಕ ಕೂಡಲಿಲ್ಲ.

ಅಷ್ಟರಲ್ಲಿ ಕೆಳಮನೆಯ ಓನರ್ ಆಂಟಿ ಹಪ್ಪಳ ಒಣಗಿಸಲು ಮಹಡಿಗೆ ಬಂದರು. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಈಗ ನಮ್ಮ ಬೀದಿಯ ಅರ್ಧ ಕಟ್ಟಡಗಳು ಅವರವೇ, ಆದರೂ ಹಪ್ಪಳ ಮಾತ್ರ ಕೈಯಾರೆ ಮಾಡಬೇಕು. ಚೀಲದ ಮುಂದೆ ನಾನು ಕೂತ ಭಂಗಿ ನೋಡಿ ಬಗ್ಗಿದರು. ರೊಟ್ಟಿ ತುಂಡುಗಳನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು.

"ನಾಕು ಮೂಲೆಗೂ ಐತಾ?"

"ಹೌದು ಆಂಟಿ."

"ಬೆಲ್ಲಾನೂ ಐತಾ? ಅಯ್ಯೋ ಸಿವನೇ. ಇದು ದಿಗ್ಬಂಧನ ಕಣಪ್ಪ. ಯಾರೋ ಮಗೀಗೆ ಇಂಗೆ ಮಾಡ್ಸವ್ರೆ. ಮುಟ್ಬ್ಯಾಡ ನೀನು."

"ಆಂಟಿ, ಎರಡನೇ ಕ್ಲಾಸ್ ಮಗೂಗೆ ಮಾಟ ಮಾಡ್ಸೋ ಅಂಥ ಶತ್ರು ಯಾರಿದ್ದಾರೆ?"

"ಅಂಗನ್ಬ್ಯಾಡ. ಕಣ್ಣಿಗೆ ಕಾಣೋರು ಸತ್ರುಗಳಲ್ಲ." ಇಷ್ಟು ಹೇಳಿ ಹಪ್ಪಳದ ತಟ್ಟೆಯನ್ನೂ ಹಿಂದಕ್ಕೆ ತೆಗೆದುಕೊಂಡು ಹೊರಟರು. ಆ ಮಹಡಿಯ ಬಿಸಿಲಿನ ಮೇಲೆ ಅವರಿಗೆ ನಂಬಿಕೆ ಹೋಗಿತ್ತು.

ನಾನು ಮಾಟ ಮಂತ್ರ ನಂಬುವವನಲ್ಲ. ಆದರೂ ನಿಜ ಹೇಳುತ್ತೇನೆ, ಆ ನಾಲ್ಕು ತುಂಡುಗಳನ್ನು ಕಸದ ಬುಟ್ಟಿಗೆ ಹಾಕುವಾಗ ಕಾಗದದಲ್ಲಿ ಹಿಡಿದು ಹಾಕಿದೆ. ಸ್ಪಂಜನ್ನು ಬಿಸಿನೀರಿನಲ್ಲಿ ಹಿಂಡಿ, ಹಾಳೆಯ ಎರಡೂ ಬದಿ ಒರೆಸಿ, ದಿನವಿಡೀ ಒಣಗಿಸಿದೆ. ಜಿಪ್ಪಿನ ಹಲ್ಲುಗಳಿಗೆ ಮೇಣ ತಿಕ್ಕಿದೆ, ಸರ್ರನೆ ಓಡತೊಡಗಿತು. ಸಂಜೆ ಹೊಲಿಯಲು ಕೂತರೆ ಅವ್ವ ಹಾಕಿದ ರಂಧ್ರಗಳಲ್ಲೇ ಸೂಜಿ ತೂರಿಸಿದರೂ ನನ್ನ ಹೊಲಿಗೆ ಕುಡಿದವನ ನಡಿಗೆಯಂತಾಯಿತು. ಇರಲಿ, ವಾಸನೆ ಹೋಯಿತಲ್ಲ.

ವಾಸನೆ ಹೋಯಿತು. ಸೋಮವಾರ ಮಧ್ಯಾಹ್ನ ಚೀಲ ವ್ಯಾನಿನ ಸೀಟಿನ ಮೇಲೆ ಮಿಕ್ಕ ಚೀಲಗಳ ನಡುವೆಯೇ ಕೂತು ಬಂತು. ಡ್ರೈವರ್ ಹೆಬ್ಬೆರಳೆತ್ತಿ ತೋರಿಸಿದ. ನಾನು ಉಬ್ಬಿ ಮನೆಗೆ ಬಂದು ಡಬ್ಬಿ ತೆಗೆದರೆ, ಚಿತ್ರಾನ್ನ ಬೆಳಿಗ್ಗೆ ತುಂಬಿದ ಹಾಗೆಯೇ ಇತ್ತು. ನಾರುತ್ತಿದ್ದಾಗ ಒಂದು ಅಗುಳು ಬಿಡದೆ ತಿಂದು ಬರುತ್ತಿದ್ದವಳು ಈಗ ಮುಟ್ಟಿಯೇ ಇಲ್ಲ.

"ಎಲ್ಲಿ ಕೂತಿದ್ದೆ ಇವತ್ತು?"

"ಎಲ್ಲರ ಜೊತೆ."

"ಮತ್ತೆ ಯಾಕೆ ತಿಂದಿಲ್ಲ?"

"ಹಸಿವಿರ್ಲಿಲ್ಲ."

ಮರುದಿನವೂ ಹಾಗೇ. ಅದರ ಮರುದಿನ ಎರಡು ತುತ್ತು. ರಾತ್ರಿ ತಟ್ಟೆಯ ಮುಂದೆ ಅನ್ನವನ್ನು ಸಣ್ಣ ಸಣ್ಣ ಗುಡ್ಡೆ ಮಾಡುತ್ತಾ ಕೂರುತ್ತಿದ್ದಳು. ನನ್ನ ಕಣ್ಣು ತಪ್ಪಿಸುತ್ತಿದ್ದಳು. ಹೆಂಡತಿ ಕೆನ್ನೆ ಹಿಡಿದು ಕೇಳಿದಳು, ಮುದ್ದು ಮಾಡಿ ಕೇಳಿದಳು, ಚಾಕಲೇಟಿನ ಆಸೆ ತೋರಿಸಿಯೂ ಕೇಳಿದಳು. "ಏನೂ ಇಲ್ಲ ಅಮ್ಮ," ಎನ್ನುವುದೊಂದೇ ಉತ್ತರ. ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಅಡಿಯಲ್ಲಿ ಭಯವಿತ್ತು. ಈ ಮಗು ಏನನ್ನೋ ಮುಚ್ಚಿಡುತ್ತಿದೆ. ಶಾಲೆಯಲ್ಲಿ ಯಾರಾದರೂ ಏನಾದರೂ ಮಾಡುತ್ತಿದ್ದಾರೆಯೇ? ಯಾರೋ ತಿನ್ನಬೇಡ ಎಂದು ಹೆದರಿಸಿದ್ದಾರೆಯೇ? ಇವಳೇ ಆ ರೊಟ್ಟಿ ಇಟ್ಟಿದ್ದರೆ ಹಸಿದ ದಿನಕ್ಕೆಂದು ಕೂಡಿಡುತ್ತಿದ್ದಳೇ? ಇದ್ದದ್ದನ್ನೇ ತಿನ್ನದವಳು ಕೂಡಿಡುವುದೇಕೆ? ಕೆಲಸದಲ್ಲಿ ಒಂದು ಒಳ್ಳೆಯ ಬಿಡಿಭಾಗವನ್ನು ಕೆಟ್ಟದ್ದೆಂದು ಪಕ್ಕಕ್ಕಿಟ್ಟು ಮೇಲಿನವರಿಂದ ಮಾತು ಕೇಳಿದೆ. ನನ್ನ ಕಣ್ಣುಗಳು ಆ ವಾರ ಏನನ್ನೂ ನೆಟ್ಟಗೆ ನೋಡುತ್ತಿರಲಿಲ್ಲ.

ಗುರುವಾರ ಸಂಜೆ ಅಕ್ಕ ಆಟೋದಲ್ಲಿ ಅವ್ವನನ್ನು ಕರೆತಂದು ಬಿಟ್ಟು, ಬಾಗಿಲಲ್ಲೇ ನೀರು ಕುಡಿದು ಹೊರಟಳು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು, ಹೊಸ ಕಣ್ಣಿನ ಹುರುಪಿನಲ್ಲಿ ಮನೆಯ ಗೋಡೆಗಳ ಮೇಲಿನ ಕಲೆಗಳನ್ನೆಲ್ಲ ಒಂದೊಂದಾಗಿ ಕಂಡುಹಿಡಿಯುತ್ತಿದ್ದಳು. ಮಗಳು ಅಜ್ಜಿಯ ಹತ್ತಿರ ಓಡಿಬಂದವಳು ಅರ್ಧ ದಾರಿಯಲ್ಲೇ ನಿಂತಳು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ಕುರ್ಚಿಯ ಹಿಂದೆ ಸೇರಿಕೊಂಡಳು.

ಅವ್ವನ ಹೊಸ ಕಣ್ಣು ಮೊಳೆಗೆ ನೇತುಹಾಕಿದ್ದ ಚೀಲದ ಮೇಲೆ ಬಿತ್ತು. ಇಳಿಸಿ, ಒಳಗೆ ಕೈಯಾಡಿಸಿದಳು.

"ಈ ಹೊಲಿಗಿ ನಂದಲ್ಲ. ಯಾರ ಬಿಚ್ಚಿದ್ರು ಇದನ್ನ?"

"ನಾನಬೇ. ನಾರಾಕ ಹತ್ತಿತ್ತು, ಬಕೀಟ್ನ್ಯಾಗ ಮುಣಗಿಸಿ ತೊಳದ್ರೂ ಹೋಗಲಿಲ್ಲ. ಬಿಚ್ಚಿದ್ರ ಒಳಗ ನಾಕೂ ಮೂಲ್ಯಾಗ ರೊಟ್ಟಿ."

"ಹೂಂ, ಮತ್ತ? ನಾನ ಇಟ್ಟಿದ್ದೆ."

ಇಷ್ಟು ದಿನ ನನ್ನ ತಲೆ ಕೆಡಿಸಿದ ಗಂಟು ಹೀಗೆ ಒಂದು ಮಾತಿನಲ್ಲಿ ಬಿಚ್ಚಿಕೊಂಡಾಗ ಸಮಾಧಾನವಾಗಬೇಕಿತ್ತು. ನನಗೆ ಇನ್ನಷ್ಟು ಗೊಂದಲವಾಯಿತು. "ರೊಟ್ಟೀನ ಯಾರರ ಚೀಲದಾಗ ಇಟ್ಟ ಹೊಲೀತಾರೇನಬೇ?" ಎಂದೆ. ದನಿ ಆಗಲೇ ಏರಿತ್ತು.

ಅವ್ವ ನನ್ನನ್ನು ಏನೂ ಅರಿಯದ ಕೂಸಿನಂತೆ ನೋಡಿದಳು. "ಕೌದಿ ಮುಗಸೋಮುಂದ ಮೂಲ್ಯಾಗ ರೊಟ್ಟಿ ಚೂರು, ಬೆಲ್ಲದ ಚೂರು ಇಟ್ಟ ಕಡೀ ಹೊಲಿಗಿ ಹಾಕ್ತೀವಿ. ನಮ್ಮವ್ವನೂ ಹಂಗ ಮಾಡ್ತಿದ್ಲು. ಹಸದ ಕೌದಿ ಹೊದ್ದವರ ನಿದ್ದಿ ತಿಂತೈತಿ ಅಂತ. ಹೊದಿಯೋ ಕೌದಿಗೇ ಇಷ್ಟ ಮಾಡಿದ್ರ, ಇದು ಉಣ್ಣೋ ಚೀಲ. ಇದರ ಹೊಟ್ಟಿ ಖಾಲಿ ಇಟ್ಟ ಹೊಲದ್ರ ಕೂಸಿನ ಹೊಟ್ಟಿ ತುಂಬತೈತೇನು?"

ಹುಟ್ಟಿದಾಗಿನಿಂದ ಆ ಕೌದಿಗಳನ್ನೇ ಹೊದ್ದು ಮಲಗಿದವನು ನಾನು. ನನ್ನ ತಲೆಯ ಕೆಳಗೆ, ಕಾಲ ಕೆಳಗೆ ಇಷ್ಟು ವರ್ಷ ರೊಟ್ಟಿ ಚೂರುಗಳಿದ್ದವು ಎಂಬುದು ಗೊತ್ತೇ ಇರಲಿಲ್ಲ. ಹೆಂಗಸರು ಕೌದಿ ಹೊಲಿಯುವ ಕಟ್ಟೆಗೆ ಗಂಡುಮಕ್ಕಳನ್ನು ಯಾರು ಕರೆಯುತ್ತಿದ್ದರು?

"ಆದ್ರ ಅದು ಕೊಳತು ನಾರಾಕ ಹತ್ತಿತ್ತಲ್ಲ! ಕೂಸು ಸಾಲ್ಯಾಗ ಒಂದ ಕೂತು ಉಂಡೈತಿ ನಿನ್ನ ರೊಟ್ಟಿ ಸಲುವಾಗಿ."

"ಕಟಕ್ ರೊಟ್ಟಿ ಆರು ತಿಂಗಳಿದ್ರೂ ಕೆಡಂಗಿಲ್ಲ. ನೀ ಬಕೀಟ್ನ್ಯಾಗ ಮುಣಗಿಸಿ ಮುಣಗಿಸಿ ತಗದ್ರ ಅದರ ತಪ್ಪೇನು? ಕೌದೀನ ಯಾರರ ದಿನಾ ತೊಯ್ಸ್ತಾರ?" ಅಲ್ಲಿಗೆ ಅವ್ವನಿಗೂ ಸಿಟ್ಟು ಬಂತು. ನನ್ನ ಸಿಟ್ಟು ಬೇರೆ ಎಲ್ಲಿಂದ ಬಂದಿರಬೇಕು? ಚೀಲವನ್ನು ಮೊಳೆಗೆ ಹಾಕಿ, ಸೆರಗು ಕೊಡವಿ, ಹೇಳಿದಳು: "ನಂದೆಲ್ಲಾ ತಪ್ಪ ಆಗಾಕ ಹತ್ತೇತಿ ಈ ಮನ್ಯಾಗ. ನನ್ನ ಊರ ಬಸ್ಸಿಗೆ ಹತ್ತಿಸಿಬಿಡಪಾ. ನಾ ಹೊಕ್ಕೀನಿ."

ಇದು ನಮ್ಮ ಮನೆಯ ನಿತ್ಯದ ಮಾತು. ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎಂದರೆ ಊರ ಬಸ್ಸು, ಟೀವಿಯ ಸದ್ದು ಕಡಿಮೆ ಮಾಡು ಎಂದರೆ ಊರ ಬಸ್ಸು. ಹತ್ತಿದ್ದು ಯಾವತ್ತೂ ಇಲ್ಲ. ನಾನೂ ರೂಢಿಯಂತೆ ನನ್ನ ಪಾಲಿನ ಮಾತು ಹೇಳಿದೆ, "ಸ್ಲೀಪರ್ ಬೇಕೋ, ಕೂತ್ಕೊಂಡ ಹೋಗೂದೋ? ಈಗ ಬುಕ್ ಮಾಡ್ತೀನಿ." ಅಷ್ಟು ಹೊತ್ತಿಗೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹೆಂಡತಿ ಬಾಗಿಲಲ್ಲೇ ನಕ್ಕಳು.

ಕುರ್ಚಿಯ ಹಿಂದಿನಿಂದ ಒಂದು ಸದ್ದು ಬಂತು. ಅಳುವಿಗೂ ಮುಂಚೆ ಮಕ್ಕಳ ಉಸಿರು ಒಳಗೆ ಸಿಕ್ಕಿಕೊಳ್ಳುತ್ತದಲ್ಲ, ಅದು. ಆಮೇಲೆ ಮಗಳು ಜೋರಾಗಿ ಅಳತೊಡಗಿದಳು. ನಾವು ಮೂವರೂ ಅವಳ ಸುತ್ತ ಕೂತೆವು. ಏನಾಯಿತು, ಎಲ್ಲಿ ನೋವು ಎಂದೆಲ್ಲ ಕೇಳಿದೆವು. ಬಿಕ್ಕಳಿಕೆಯ ನಡುವೆ ಅವಳ ಮಾತು ತುಂಡು ತುಂಡಾಗಿ ಬಂತು.

"ಅದಕ್ಕೇ ನಾನ್ ಹೇಳ್ಲಿಲ್ಲ. ಅಜ್ಜಿ ರೊಟ್ಟಿ ಇಡೋವಾಗ ನಾನು ನೋಡಿದ್ದೆ. ಹೇಳಿದ್ರೆ ನೀವು ಬೈತೀರ. ಬೈದ್ರೆ ಅಜ್ಜಿ ಹೋಗ್ಬಿಡ್ತಾರೆ."

"ಅಜ್ಜಿ ಎಲ್ಲಿ ಹೋಗ್ತಾರೆ ಪುಟ್ಟಿ? ಅದು ತಮಾಷೆಗೆ ಹೇಳೋದು," ಎಂದಳು ಹೆಂಡತಿ.

"ತಮಾಷೆ ಅಲ್ಲ! ಅವತ್ತು ಟೀಗೆ ಸಕ್ಕರೆ ಜಾಸ್ತಿ ಆಯ್ತು ಅಂತ ಅಪ್ಪ ಬೈದ್ರು. ಬಸ್ಸಿಗೆ ಹತ್ತಿಸು ಅಂದ್ರು ಅಜ್ಜಿ. ಸ್ಲೀಪರಾ ಅಂತ ಅಪ್ಪ ಕೇಳಿದ್ರು. ಬೆಳಿಗ್ಗೆ ಎದ್ರೆ ಅಜ್ಜಿ ಇರ್ಲಿಲ್ಲ."

ಆಪರೇಷನ್ನಿಗೆ ಹೋಗಿದ್ದಾರೆ, ಕಣ್ಣು ಸರಿಮಾಡಿಸಿಕೊಂಡು ಬರುತ್ತಾರೆ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆವೋ. ಫೋನಿನಲ್ಲಿ ಮಾತೂ ಆಡಿಸಿದ್ದೆವು. ಅವಳು ಎಲ್ಲಕ್ಕೂ ಹೂಂ ಅಂದಿದ್ದಳು. ಹೂಂ ಅನ್ನುತ್ತಲೇ ತನ್ನದೇ ಲೆಕ್ಕ ಇಟ್ಟುಕೊಂಡಿದ್ದಳು. ಹಿಂದಿನ ಸಂಜೆ ಜಗಳ, ಮರುದಿನ ಖಾಲಿ ಹಾಸಿಗೆ. ದೊಡ್ಡವರು ಹೇಳಿದ ಕಾರಣಕ್ಕಿಂತ ಕಣ್ಣಾರೆ ಕಂಡ ಕಾರಣವನ್ನು ನಂಬಿದ್ದಳು. ಒಂದು ಸಕ್ಕರೆಯ ಮಾತಿಗೆ ಅಜ್ಜಿ ಯಲಹಂಕದವರೆಗೆ ಹೋದರೆ, ರೊಟ್ಟಿಯ ಮಾತಿಗೆ ಎಲ್ಲಿಯವರೆಗೆ ಹೋಗುತ್ತಾಳೆ? ಅದಕ್ಕಾಗಿ ವಾಸನೆಯ ಚೀಲ ಹಿಡಿದು ಕೊನೇ ಬೆಂಚಿನಲ್ಲಿ ಕೂತಳು. ನಾನು ಕೇಳಿದಾಗ ರೊಟ್ಟಿ ತುರುಕಿದ ಆರೋಪವನ್ನೂ ಹೊತ್ತುಕೊಂಡಳು. ಗುಟ್ಟು ಅರ್ಧ ಬಯಲಾದ ಮೇಲೆ ಹೆದರಿ ಊಟ ಬಿಟ್ಟಳು.

ಅವ್ವ ಕಪ್ಪು ಕನ್ನಡಕ ತೆಗೆದಳು. ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾ ಎಲ್ಲಿ ಹೊಂಟಿದ್ನೇ ನನ್ನವ್ವಾ," ಎಂದಳು. "ಅದು ನಿಮ್ಮಪ್ಪನ್ನ ಅಂಜಸಾಕ ಅಂತಿದ್ದೆ."

ಮಗಳು ನಂಬಲಿಲ್ಲ. ನನ್ನ ಕಡೆ ತಿರುಗಿದಳು. ಬಸ್ಸಿನ ಸೀಟು ಬುಕ್ ಮಾಡುವವನು ನಾನು ತಾನೇ, ಹೋಗುವುದು ಬಿಡುವುದು ನನ್ನ ಕೈಯಲ್ಲಿದೆ ಎಂದು ಅವಳ ಎಣಿಕೆ. ಅವಳ ನೋಟದ ಮುಂದೆ ನನಗೆ ಎಲ್ಲ ಗೋಜಲಾಯಿತು. ಅವ್ವ ಇಷ್ಟು ವರ್ಷ ನಿಜವಾಗಿಯೂ ಹೆದರಿಸಲೆಂದೇ ಹಾಗೆ ಅನ್ನುತ್ತಿದ್ದಳೇ? ನಾನು ನಗುತ್ತಾ ಸ್ಲೀಪರ್ ಎಂದಾಗ ಅವಳೂ ನಗುತ್ತಿದ್ದಳೇ, ಅಥವಾ ಅಡುಗೆಮನೆಗೆ ಹೋಗಿಬಿಡುತ್ತಿದ್ದಳೇ? ಎಷ್ಟು ನೆನಪಿಸಿಕೊಂಡರೂ ನನಗೆ ಅವಳ ಮುಖ ಕಾಣಲಿಲ್ಲ, ನನ್ನ ನಗು ಮಾತ್ರ ಕೇಳಿಸಿತು. ಅವಳ ಆ ಮಾತಿಗೆ ಒಂದು ಸರಿಯಾದ ಉತ್ತರವಿತ್ತು, ಅದನ್ನು ನಾನು ಒಮ್ಮೆಯೂ ಕೊಟ್ಟಿರಲಿಲ್ಲ.

"ಹೋಗಬ್ಯಾಡಬೇ ಅವ್ವಾ," ಎಂದೆ. "ಇಲ್ಲೇ ಇರು."

ಅವ್ವ ನನ್ನನ್ನು ನೋಡಿದಳು. ಆ ಹೊಸ ಕಣ್ಣಿಗೆ ನಾನು ಹೇಗೆ ಕಂಡೆನೋ ಗೊತ್ತಿಲ್ಲ. ಆಮೇಲೆ ಮೂಗು ಒರೆಸಿಕೊಂಡು, ಎಂದಿನ ಗಡಸು ದನಿಯಲ್ಲಿ, "ಆತು, ಏಳು. ಕೂಸು ಹಸದೈತಿ, ತಾಟು ತಗೊಂಡ ಬಾ," ಎಂದಳು.

ನಾನು ತಟ್ಟೆ ತಂದೆ. ಹೆಂಡತಿ ಬಿಸಿ ಅನ್ನ, ಸೊಪ್ಪಿನ ಸಾರು ಬಡಿಸಿದಳು. ಮಗಳು ಮೊದಲ ತುತ್ತು ನುಂಗುವ ಮುಂಚೆಯೇ ಎರಡನೆಯದನ್ನು ಕಲಸುತ್ತಿದ್ದಳು, ಮತ್ತೊಮ್ಮೆ ಬಡಿಸಿಕೊಂಡಳು, ತಟ್ಟೆಯ ಅಂಚಿನ ಸಾರನ್ನೂ ಬೆರಳಿನಿಂದ ಬಳಿದಳು. ಅಷ್ಟೂ ಹೊತ್ತು ಅವಳ ಎಡಗೈ ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು.